ಫೋಟೋ ಕೆಟ್ಟಿದ್ದು ಯಾವ ಹಂತದಲ್ಲಿ? ಫೈಲ್ ಫಾರ್ಮ್ಯಾಟ್ ಮತ್ತು ಎಡಿಟಿಂಗ್ ದೋಷ ಹುಡುಕುವ ಕೈಪಿಡಿ

ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೋ ಚೆನ್ನಾಗಿಯೇ ಇತ್ತು. ಕಂಪ್ಯೂಟರಿಗೆ ಹಾಕಿದ ಮೇಲೆ ಮಂಕಾಗಿದೆ. ಇಲ್ಲವೇ ಫೈಲ್ ತೆರೆಯುವುದೇ ಇಲ್ಲ. ಇಲ್ಲವೇ ನೀವು ಎಡಿಟ್ ಮಾಡಿ ಕಳಿಸಿದ್ದು ಬೇರೆಯವರ ಪರದೆಯಲ್ಲಿ ಬೇರೆಯೇ ಬಣ್ಣದಲ್ಲಿ ಕಾಣುತ್ತಿದೆ. ಇಂಥ ಹೊತ್ತಲ್ಲಿ ನಮ್ಮ ಅನುಮಾನ ಮೊದಲು ಹೋಗುವುದು ಕ್ಯಾಮೆರಾ ಮೇಲೆ, ಆಮೇಲೆ ಸಾಫ್ಟ್‌ವೇರ್ ಮೇಲೆ. ಹೊಸ ಸಾಫ್ಟ್‌ವೇರ್ ಹಾಕಿ ನೋಡುತ್ತೇವೆ. ಇದ್ದಬದ್ದ ಸೆಟ್ಟಿಂಗ್ ಎಲ್ಲಾ ಬದಲಿಸುತ್ತೇವೆ. ತೊಂದರೆ ಮಾತ್ರ ಹಾಗೇ ಇರುತ್ತದೆ.

ಒಂದು ಫೋಟೋ ನಮ್ಮ ಕಣ್ಣಿಗೆ ಬೀಳುವ ಮೊದಲು ಹಲವು ಹಂತ ದಾಟಿ ಬಂದಿರುತ್ತದೆ. ಸೆನ್ಸರ್ ಬೆಳಕನ್ನು ಅಳೆಯುತ್ತದೆ. ಕ್ಯಾಮೆರಾ ಅದನ್ನು ಫೈಲ್ ಮಾಡಿ ಕಾರ್ಡಿಗೆ ಬರೆಯುತ್ತದೆ. ನಾವು ಕಾರ್ಡಿನಿಂದ ಕಾಪಿ ಮಾಡುತ್ತೇವೆ. ಸಾಫ್ಟ್‌ವೇರ್ ಅದನ್ನು ತನ್ನದೇ ರೀತಿಯಲ್ಲಿ ಬಿಡಿಸಿ ತೋರಿಸುತ್ತದೆ. ನಾವು ತಿದ್ದುತ್ತೇವೆ, ಇನ್ನೊಂದು ಫಾರ್ಮ್ಯಾಟಿಗೆ ಸೇವ್ ಮಾಡುತ್ತೇವೆ, ಯಾರಿಗೋ ಕಳಿಸುತ್ತೇವೆ. ಕೊನೆಗೆ ಯಾವುದೋ ಪರದೆ ಅದನ್ನು ತೋರಿಸುತ್ತದೆ. ಇದರಲ್ಲಿ ಯಾವ ಹಂತದಲ್ಲಾದರೂ ಫೋಟೋ ಬದಲಾಗಬಹುದು. ಹಾಗಾಗಿ ನನ್ನ ಪದ್ಧತಿ ಒಂದೇ. ಕೆಟ್ಟು ಕಂಡ ಜಾಗದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ. ಫೋಟೋ ಕೊನೆಯ ಸಲ ಸರಿ ಇದ್ದದ್ದು ಎಲ್ಲಿ ಅಂತ ನೋಡುತ್ತೇನೆ. ಅದರ ಮುಂದಿನ ಹೆಜ್ಜೆಯಲ್ಲೇ ದೋಷ ಇರುತ್ತದೆ.

ಕೈ ಹಾಕುವ ಮೊದಲು

ಮೂಲ ಫೈಲನ್ನು ಮುಟ್ಟಬೇಡಿ. ಅದರ ಕಾಪಿ ಮಾಡಿ, ಬೇರೆ ಫೋಲ್ಡರಿಗೆ ಹಾಕಿ, ಪರೀಕ್ಷೆಯೆಲ್ಲಾ ಅದರ ಮೇಲೆ ಮಾಡಿ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ವರ್ಷಗಳ ಹಿಂದೆ ಮಂಜು ಮುಸುಕಿದ ಒಂದು ಕೆರೆಯ ಫೋಟೋ ತೆಗೆದಿದ್ದೆ. ಮೇಲ್‌ನಲ್ಲಿ ಕಳಿಸಲು ಅಂತ ಅದನ್ನು 800 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡಿಬಿಟ್ಟೆ. ಕಾರ್ಡನ್ನು ಆಗಲೇ ಫಾರ್ಮ್ಯಾಟ್ ಮಾಡಿ ಆಗಿತ್ತು. ಆ ಕೆರೆಯ ಫೋಟೋ ಇವತ್ತಿಗೂ ನನ್ನ ಹತ್ತಿರ ಇರುವುದು ಅಷ್ಟು ಚಿಕ್ಕದಾಗಿಯೇ.

ಕಾಪಿ ಆದ ಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ. ಫೈಲ್ ಹೆಸರಿನ ಕೊನೆಯಲ್ಲಿರುವ ಎಕ್ಸ್‌ಟೆನ್ಷನ್ ಏನು, ಅಗಲ ಎತ್ತರ ಎಷ್ಟು ಪಿಕ್ಸೆಲ್, ಗಾತ್ರ ಎಷ್ಟು ಎಂಬಿ. ಆಮೇಲೆ ಅದೇ ಫೈಲನ್ನು ಸಂಬಂಧವೇ ಇಲ್ಲದ ಇನ್ನೊಂದು ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಎರಡರಲ್ಲೂ ಒಂದೇ ರೀತಿ ಕೆಟ್ಟು ಕಂಡರೆ ದೋಷ ಬಹುಮಟ್ಟಿಗೆ ಫೈಲಿನಲ್ಲಿದೆ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ಕೆಟ್ಟಿದ್ದರೆ ಫೈಲಿನ ಮೇಲೆ ಸಿಟ್ಟಾಗುವುದು ಬೇಡ. ಅದನ್ನು ಓದುವ ರೀತಿಯಲ್ಲಿ ವ್ಯತ್ಯಾಸ ಇದೆ. ಈ ಎರಡು ನಿಮಿಷದ ಪರೀಕ್ಷೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಫೈಲ್ ತೆರೆಯುವುದೇ ಇಲ್ಲ

ಮೊದಲು ಎಕ್ಸ್‌ಟೆನ್ಷನ್ ನೋಡಿ. ಅದು ಸಿಆರ್3, ಎನ್‌ಇಎಫ್, ಎಆರ್‌ಡಬ್ಲ್ಯೂ, ಆರ್‌ಎಎಫ್ ಅಂತಿದ್ದರೆ ಅದು ರಾ ಫೈಲ್. ಕ್ಯಾನನ್, ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕ್ಯಾಮೆರಾಗಳು ಅನುಕ್ರಮವಾಗಿ ಬರೆಯುವ ರಾ ಫೈಲುಗಳಿವು. ರಾ ಅಂದರೆ ಸೆನ್ಸರ್ ಅಳೆದ ಅಂಕಿಗಳ ರಾಶಿ, ಇನ್ನೂ ಪೂರ್ತಿ ಚಿತ್ರ ಆಗಿಲ್ಲ. ಪ್ರತಿ ಹೊಸ ಕ್ಯಾಮೆರಾ ಬಂದಾಗಲೂ ಅದರ ರಾ ಫೈಲ್ ಓದುವುದನ್ನು ಸಾಫ್ಟ್‌ವೇರಿಗೆ ಹೊಸದಾಗಿ ಕಲಿಸಬೇಕು. ನಿಮ್ಮ ಕ್ಯಾಮೆರಾಗಿಂತ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಅದಕ್ಕೆ ಈ ಫೈಲ್ ಅರ್ಥವಾಗುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಒಂದೇ ಸಲ ಹಣ ಕೊಟ್ಟು ಕೊಳ್ಳುತ್ತಿದ್ದ, ಅಡೋಬ್‌ನ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ 6ಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2017ರ ಡಿಸೆಂಬರಿನಲ್ಲಿ. ಕ್ಯಾನನ್‌ನ ಸಿಆರ್3 ಫಾರ್ಮ್ಯಾಟ್ ಬಂದದ್ದು 2018ರಲ್ಲಿ. ಹಾಗಾಗಿ ಲೈಟ್‌ರೂಮ್ 6ರಲ್ಲಿ ಸಿಆರ್3 ತೆರೆಯುವುದಿಲ್ಲ. ಎಷ್ಟು ಸಲ ಅಳಿಸಿ ಮತ್ತೆ ಹಾಕಿದರೂ ತೆರೆಯುವುದಿಲ್ಲ.

ಇದಕ್ಕೆ ದಾರಿ ಮೂರು. ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ತರುವುದು ಮೊದಲನೆಯದು. ಕ್ಯಾಮೆರಾ ಕಂಪನಿಯೇ ಉಚಿತವಾಗಿ ಕೊಡುವ ಸಾಫ್ಟ್‌ವೇರ್ ಬಳಸುವುದು ಎರಡನೆಯದು. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್ ಇದೆ, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ ಇದೆ. ಮೂರನೆಯದು ಅಡೋಬ್‌ನ ಉಚಿತ ಡಿಎನ್‌ಜಿ ಕನ್ವರ್ಟರ್. ಡಿಎನ್‌ಜಿ ಅನ್ನುವುದು 2004ರಲ್ಲಿ ಅಡೋಬ್ ಹೊರತಂದ ಮುಕ್ತ ರಾ ಫಾರ್ಮ್ಯಾಟ್. ಹೊಸ ಕ್ಯಾಮೆರಾದ ರಾ ಫೈಲನ್ನು ಡಿಎನ್‌ಜಿ ಮಾಡಿಕೊಂಡರೆ ಹಳೆಯ ಸಾಫ್ಟ್‌ವೇರ್ ಕೂಡ ತೆರೆಯುತ್ತದೆ. ಕನ್ವರ್ಟರಿನಲ್ಲಿ ಲಾಸಿ ಅನ್ನುವ ಆಯ್ಕೆ ಒಂದಿದೆ. ಅದನ್ನು ಆರಿಸಿದರೆ ಮಾಹಿತಿ ಸ್ವಲ್ಪ ಹೋಗುತ್ತದೆ, ಹಾಗಾಗಿ ಅದನ್ನು ಬಿಟ್ಟುಬಿಡಿ. ಡಿಎನ್‌ಜಿ ಮಾಡಿದ ಮೇಲೂ ಮೂಲ ರಾ ಫೈಲನ್ನು ಅಳಿಸಬೇಡಿ ಅನ್ನುವುದು ನನ್ನ ಸಲಹೆ.

ಎಕ್ಸ್‌ಟೆನ್ಷನ್ ಎಚ್‌ಇಐಸಿ ಅಂತಿದ್ದರೆ ಕಥೆ ಬೇರೆ. ಐಫೋನುಗಳು 2017ರ ಐಓಎಸ್ 11ರಿಂದ ಈ ಫಾರ್ಮ್ಯಾಟ್ ಬಳಸುತ್ತಿವೆ. ಜೆಪೆಗ್‌ಗಿಂತ ಕಡಿಮೆ ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಇಡುತ್ತದೆ. ಒಳಗೆ ಇರುವುದು ಎಚ್‌ಇವಿಸಿ ಅನ್ನುವ ವಿಡಿಯೋ ಸಂಕೋಚನ. ವಿಂಡೋಸ್‌ನಲ್ಲಿ ಇದು ತೆರೆಯಬೇಕಾದರೆ ಹೀಫ್ (ಎಚ್‌ಇಐಸಿ ಇದರದ್ದೇ ಒಂದು ಬಗೆ) ಮತ್ತು ಎಚ್‌ಇವಿಸಿ ಅನ್ನುವ ಎರಡೂ ಎಕ್ಸ್‌ಟೆನ್ಷನ್, ಅಂದರೆ ವಿಂಡೋಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್‌ಗಳು, ಬೇಕು. ಒಂದೇ ಹಾಕಿ ಸುಮ್ನೆ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಮುಂದೆ ಈ ತಾಪತ್ರಯವೇ ಬೇಡ ಅಂದರೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿ. ಆಗ ಫೋನ್ ಜೆಪೆಗ್ ಬರೆಯುತ್ತದೆ.

ಇನ್ನೊಂದು ಸಾಧ್ಯತೆ ಇದೆ. ಫೈಲಿನ ಹೆಸರೇ ಸುಳ್ಳು ಹೇಳುತ್ತಿರಬಹುದು. ಯಾರೋ ಎಚ್‌ಇಐಸಿ ಅನ್ನುವುದನ್ನು ಅಳಿಸಿ ಜೆಪಿಜಿ (ಜೆಪೆಗ್ ಫೈಲಿನ ಎಕ್ಸ್‌ಟೆನ್ಷನ್) ಅಂತ ಬರೆದಿರುತ್ತಾರೆ. ಹೆಸರು ಬದಲಿಸಿದರೆ ಒಳಗಿನ ಫಾರ್ಮ್ಯಾಟ್ ಬದಲಾಗುವುದಿಲ್ಲ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಎಷ್ಟೋ ಜೆಪಿಜಿಗಳು ಒಳಗೆ ವೆಬ್‌ಪಿ ಅನ್ನುವ ಬೇರೆಯೇ ಫಾರ್ಮ್ಯಾಟ್ ಆಗಿರುವುದೂ ಉಂಟು. ಇದನ್ನು ಪತ್ತೆ ಹಚ್ಚುವುದು ಸುಲಭ. ಪ್ರತಿ ಫಾರ್ಮ್ಯಾಟಿಗೂ ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲಿ ಒಂದು ಗುರುತು ಇರುತ್ತದೆ. ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಜೆಪೆಗ್ ಎಫ್‌ಎಫ್ ಡಿ8 ಅಂತ ಶುರುವಾಗುತ್ತದೆ, ಪಿಎನ್‌ಜಿ 89 50 ಅಂತ ಶುರುವಾಗುತ್ತದೆ. ಅಷ್ಟೆಲ್ಲಾ ಬೇಡ ಅಂದರೆ ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಧನಕ್ಕೆ ಫೈಲ್ ಕೊಡಿ, ನಿಜವಾದ ಫಾರ್ಮ್ಯಾಟ್ ಯಾವುದು ಅಂತ ಅದೇ ಹೇಳುತ್ತದೆ.

ಉಚಿತ ಎಡಿಟಿಂಗ್ ಸಾಫ್ಟ್‌ವೇರ್ ಗಿಂಪ್‌ನಲ್ಲಿ ರಾ ಫೈಲ್ ತೆರೆಯದಿದ್ದರೆ ಗಾಬರಿ ಬೇಡ. ಗಿಂಪ್ ತಾನಾಗಿ ರಾ ಬಿಡಿಸುವುದಿಲ್ಲ. ಪಕ್ಕದಲ್ಲಿ ರಾ ಬಿಡಿಸುವ ಉಚಿತ ಸಾಫ್ಟ್‌ವೇರುಗಳಾದ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಇನ್‌ಸ್ಟಾಲ್ ಆಗಿದ್ದರೆ ಅದಕ್ಕೆ ಫೈಲ್ ಕೊಟ್ಟು, ಬಿಡಿಸಿದ ಚಿತ್ರವನ್ನು ತಾನು ತೆಗೆದುಕೊಳ್ಳುತ್ತದೆ.

ತೆರೆದ ಎರಡೇ ಸೆಕೆಂಡಿನಲ್ಲಿ ಬಣ್ಣ ಬದಲಾಗುತ್ತದೆ

ರಾ ಫೈಲಿಗೆ ಹೊಸಬರಾದವರನ್ನು ಇದು ತುಂಬಾ ಬೇಜಾರು ಮಾಡುತ್ತದೆ. ಮೊದಲು ಬಣ್ಣ ತುಂಬಿದ ಚಿತ್ರ ಕಾಣುತ್ತದೆ, ನೋಡುತ್ತಿದ್ದ ಹಾಗೆ ಅದು ಸಪ್ಪೆಯಾಗುತ್ತದೆ. ಸಾಫ್ಟ್‌ವೇರ್ ಫೋಟೋ ಹಾಳು ಮಾಡಿತು ಅನ್ನಿಸುತ್ತದೆ, ಅಲ್ವಾ?

ನಡೆಯುತ್ತಿರುವುದು ಇಷ್ಟು. ಬಹುತೇಕ ಪ್ರತಿ ರಾ ಫೈಲಿನ ಒಳಗೆ ಕ್ಯಾಮೆರಾ ಒಂದು ಜೆಪೆಗ್ ಚಿತ್ರವನ್ನೂ ಸೇರಿಸಿ ಇಡುತ್ತದೆ. ಕ್ಯಾಮೆರಾ ಪರದೆಯಲ್ಲಿ ನೀವು ನೋಡುವುದು ಆ ಜೆಪೆಗ್. ಕಂಪ್ಯೂಟರ್ ಸಾಫ್ಟ್‌ವೇರ್ ಕೂಡ ಬೇಗ ತೋರಿಸಲು ಮೊದಲು ಅದನ್ನೇ ಹಾಕುತ್ತದೆ. ಆಮೇಲೆ ರಾ ಮಾಹಿತಿಯನ್ನು ತಾನೇ ಬಿಡಿಸಿ, ತನ್ನ ಲೆಕ್ಕದ ಬಣ್ಣದಲ್ಲಿ ತೋರಿಸುತ್ತದೆ. ಕ್ಯಾಮೆರಾದಲ್ಲಿ ನೀವು ಆರಿಸಿದ್ದ ವಿವಿಡ್, ಪೋರ್ಟ್ರೇಟ್ ಮುಂತಾದ ಶೈಲಿಗಳು ಆ ಜೆಪೆಗ್‌ಗೆ ಮಾತ್ರ ಹತ್ತಿರುತ್ತವೆ. ರಾ ಮಾಹಿತಿಯಲ್ಲಿ ಅವು ಬರೀ ಒಂದು ಸೂಚನೆ. ಬೇರೆ ಕಂಪನಿಯ ಸಾಫ್ಟ್‌ವೇರ್ ಆ ಸೂಚನೆಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಖಾತ್ರಿ ಮಾಡಿಕೊಳ್ಳಬೇಕಾ? ಅದೇ ಫೈಲನ್ನು ಕ್ಯಾಮೆರಾ ಕಂಪನಿಯ ಸ್ವಂತ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಅಲ್ಲಿ ಪರದೆಯ ಬಣ್ಣವೇ ಬಂದರೆ ಫೈಲಿನಲ್ಲಿ ದೋಷವಿಲ್ಲ. ಲೈಟ್‌ರೂಮ್ ಬಳಸುವವರು ಪ್ರೊಫೈಲ್ ಪಟ್ಟಿಯಲ್ಲಿ ಕ್ಯಾಮೆರಾ ಮ್ಯಾಚಿಂಗ್ ಗುಂಪಿನಿಂದ ಒಂದನ್ನು ಆರಿಸಿದರೆ ಬಹಳ ಹತ್ತಿರ ಬರುತ್ತದೆ.

ಬಣ್ಣ ಮಾತ್ರ ಅಲ್ಲ, ಇಡೀ ಚಿತ್ರವೇ ಕತ್ತಲಾಗಿದ್ದರೆ ಕ್ಯಾಮೆರಾದ ಒಂದು ಸೆಟ್ಟಿಂಗ್ ನೋಡಿ. ನಿಕಾನ್‌ನ ಆಕ್ಟಿವ್ ಡಿ-ಲೈಟಿಂಗ್, ಫ್ಯೂಜಿಯ ಡಿಆರ್200, ಡಿಆರ್400, ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ ಇಂಥವು ಬೆಳಕಿನ ಭಾಗ ಸುಟ್ಟು ಹೋಗದಿರಲಿ ಅಂತ ರಾ ಮಾಹಿತಿಯನ್ನು ಕಡಿಮೆ ಬೆಳಕಿನಲ್ಲಿ ದಾಖಲಿಸುತ್ತವೆ. ಜೆಪೆಗ್ ಮಾಡುವಾಗ ಕ್ಯಾಮೆರಾ ನೆರಳಿನ ಭಾಗವನ್ನು ಮೇಲೆತ್ತಿ ಸರಿ ಮಾಡುತ್ತದೆ. ಇದು ಗೊತ್ತಿಲ್ಲದ ಸಾಫ್ಟ್‌ವೇರ್ ರಾ ಫೈಲನ್ನು ಇದ್ದ ಹಾಗೆ, ಕತ್ತಲಾಗಿಯೇ ತೋರಿಸುತ್ತದೆ. ಬರೀ ರಾ ತೆಗೆಯುವವರು ಇವನ್ನು ಆಫ್ ಮಾಡಿಡುವುದು ಒಳ್ಳೆಯದು. ಹಾಗೆಯೇ ಗೆರೆಗಳು ಬಾಗಿ ಕಂಡರೆ ಅದು ಲೆನ್ಸಿನ ವಕ್ರತೆ. ಕ್ಯಾಮೆರಾ ಜೆಪೆಗ್‌ನಲ್ಲಿ ಅದನ್ನು ತಿದ್ದಿತ್ತು, ಸಾಫ್ಟ್‌ವೇರಿನಲ್ಲಿ ಲೆನ್ಸ್ ಕರೆಕ್ಷನ್ ಆನ್ ಮಾಡಿದರೆ ಅಲ್ಲೂ ಸರಿಹೋಗುತ್ತದೆ.

ಒಂದು ಮಾತು ಸೇರಿಸುತ್ತೇನೆ. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಗ್ರಾಫ್) ಕೂಡ ಆ ಜೆಪೆಗ್‌ನದ್ದೇ. ಅಲ್ಲಿ ಬಿಳಿ ಭಾಗ ಸುಟ್ಟಿದೆ ಅಂತ ಮಿಣುಕಿದರೂ ರಾ ಫೈಲಿನಲ್ಲಿ ವಿವರ ಉಳಿದಿರುವ ಸಾಧ್ಯತೆ ಇದೆ. ಅವಸರಪಟ್ಟು ಡಿಲೀಟ್ ಮಾಡಬೇಡಿ.

ಇಲ್ಲಿ ಗಾಢ, ಅಲ್ಲಿ ಮಂಕು

ಎಡಿಟ್ ಮಾಡುವ ಸಾಫ್ಟ್‌ವೇರಿನಲ್ಲಿ ಹೂವು ಕೆಂಪಗಿದೆ. ಅದನ್ನೇ ಜೆಪೆಗ್ ಮಾಡಿ ಬೇರೆ ಕಡೆ ತೆರೆದರೆ ಬಣ್ಣ ಇಳಿದಿದೆ. ಇದು ಬಹುತೇಕ ಕಲರ್ ಸ್ಪೇಸ್ ತೊಂದರೆ.

ಫೈಲಿನಲ್ಲಿ ಇರುವುದು ಬರೀ ಅಂಕಿ. ಕೆಂಪು 200 ಅಂದರೆ ಎಷ್ಟು ಕೆಂಪು ಅಂತ ಹೇಳುವುದು ಕಲರ್ ಸ್ಪೇಸ್. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಎಸ್‌ಆರ್‌ಜಿಬಿ ಎಲ್ಲಾ ಕಡೆ ಸಾಮಾನ್ಯ. 1998ರ ಅಡೋಬ್ ಆರ್‌ಜಿಬಿಯಲ್ಲಿ ಹಸಿರಿನ ಕಡೆಗೆ ಬಣ್ಣದ ಹರವು ಜಾಸ್ತಿ. ಪ್ರೋಫೋಟೋ ಆರ್‌ಜಿಬಿ ಇನ್ನೂ ಅಗಲ. ಅಗಲವಾದ ಅಳತೆಯಲ್ಲಿ ಬರೆದ ಅಂಕಿಯನ್ನು ಸಣ್ಣ ಅಳತೆಯಲ್ಲಿ ಓದಿದರೆ ಬಣ್ಣ ಇಳಿಯುತ್ತದೆ. ಅಡೋಬ್ ಆರ್‌ಜಿಬಿ ಫೈಲನ್ನು ಎಸ್‌ಆರ್‌ಜಿಬಿ ಅಂದುಕೊಂಡು ತೋರಿಸಿದಾಗ ಆಗುವುದು ಅದೇ. ಪ್ರೋಫೋಟೋ ಆದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಮುಖದ ಬಣ್ಣವೇ ಸತ್ತುಹೋದ ಹಾಗಿರುತ್ತದೆ.

ಪತ್ತೆಗೆ ಒಂದು ಸುಲಭ ಸುಳಿವಿದೆ. ಕ್ಯಾನನ್, ನಿಕಾನ್ ಮುಂತಾದ ಕ್ಯಾಮೆರಾಗಳಲ್ಲಿ ಅಡೋಬ್ ಆರ್‌ಜಿಬಿ ಆರಿಸಿದ್ದರೆ ಫೈಲಿನ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಇಲ್ಲವಾದರೆ ಸಾಫ್ಟ್‌ವೇರಿನಲ್ಲಿ ಪ್ರೊಫೈಲ್ ಮಾಹಿತಿ, ಅಂದರೆ ಫೈಲಿನ ಕಲರ್ ಸ್ಪೇಸ್ ಯಾವುದು ಅಂತ ಹೇಳುವ ಗುರುತು, ನೋಡಿ. ಪ್ರೊಫೈಲ್ ಇಲ್ಲವೇ ಇಲ್ಲ ಅಂತ ತೋರಿಸಿದರೆ, ಅಸೈನ್ ಪ್ರೊಫೈಲ್‌ಗೆ ಹೋಗಿ ಅಡೋಬ್ ಆರ್‌ಜಿಬಿ ಕೊಟ್ಟು ನೋಡಿ. ಬಣ್ಣ ತಟ್ಟನೆ ಸರಿಯಾದರೆ ನಿಮ್ಮ ಊಹೆ ನಿಜ. ಆಮೇಲೆ ಕನ್ವರ್ಟ್ ಟು ಪ್ರೊಫೈಲ್‌ನಿಂದ ಎಸ್‌ಆರ್‌ಜಿಬಿ ಮಾಡಿ ಸೇವ್ ಮಾಡಿ.

ಈ ಎರಡು ಆಜ್ಞೆಗಳ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಫೋಟೋಗಳು ಕೆಡುತ್ತವೆ. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿದು ಕಾಣುವ ಬಣ್ಣ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಕಾಣುವ ಬಣ್ಣ ಉಳಿಯಲಿ ಅಂತ ಅಂಕಿ ಬದಲಾಗುತ್ತದೆ. ಕಳೆದುಹೋದ ಪ್ರೊಫೈಲನ್ನು ವಾಪಸ್ ಕೊಡುವಾಗ ಮಾತ್ರ ಅಸೈನ್. ಉಳಿದ ಎಲ್ಲಾ ಹೊತ್ತಲ್ಲಿ ಕನ್ವರ್ಟ್.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಎಲ್ಲಾ ಫೋಟೋಗಳೂ ಅತಿಯಾಗಿ ರಂಗುರಂಗಾಗಿ ಕಂಡರೆ ನಿಮ್ಮ ಮಾನಿಟರ್ ಅಗಲ ಹರವಿನದ್ದಾಗಿರಬಹುದು, ನೋಡುವ ಸಾಫ್ಟ್‌ವೇರ್ ಕಲರ್ ಮ್ಯಾನೇಜ್‌ಮೆಂಟ್ (ಫೈಲಿನ ಬಣ್ಣವನ್ನು ಪರದೆಗೆ ತಕ್ಕ ಹಾಗೆ ಹೊಂದಿಸುವುದು) ಮಾಡದೇ ಇರಬಹುದು. ಆಗ ಫೈಲ್ ತಿದ್ದಬೇಡಿ. ನೋಡುವ ಸಾಫ್ಟ್‌ವೇರ್ ಬದಲಿಸಿ.

ಆಕಾಶದಲ್ಲಿ ಪಟ್ಟೆ, ಅಂಚಿನಲ್ಲಿ ಚೌಕ

ನಾನು ಜಾಸ್ತಿ ಹೊತ್ತು ಕಳೆದಿರುವುದು ಈ ದೋಷದ ಜೊತೆ. ನೋಡಲು ಒಂದೇ ಅನ್ನಿಸಿದರೂ ಇಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಔಷಧಿಯೂ ಬೇರೆ.

ಚಿತ್ರವನ್ನು 400 ಪ್ರತಿಶತ ಜೂಮ್ ಮಾಡಿ. ಮರದ ಕೊಂಬೆ ಆಕಾಶವನ್ನು ಮುಟ್ಟುವ ಜಾಗ, ಅಕ್ಷರದ ಅಂಚು ಇಂಥ ಕಡೆ ನೋಡಿ. ಸಣ್ಣ ಸಣ್ಣ ಚೌಕಗಳು ಕಾಣುತ್ತಿವೆಯಾ? ಒಂದು ಚೌಕದ ಬದಿ ಎಣಿಸಿ. 8 ಪಿಕ್ಸೆಲ್ ಇದ್ದರೆ ಅದು ಜೆಪೆಗ್ ಸಂಕೋಚನದ ಗುರುತು. 1992ರ ಜೆಪೆಗ್ ಮಾನದಂಡ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮ ವಿವರವನ್ನು ಬಿಸಾಡುತ್ತದೆ. ಎಷ್ಟು ಬಿಸಾಡಬೇಕು ಅಂತ ಹೇಳುವುದೇ ಕ್ವಾಲಿಟಿ ಅಂಕಿ. ಇದರ ಮೇಲೆ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಇಡುವ ರೂಢಿಯೂ ಇದೆ. ಕೆಂಪು ಬಟ್ಟೆಯ ಅಂಚು ಕಲಸಿಕೊಂಡ ಹಾಗೆ ಕಾಣುವುದು ಅದರಿಂದ.

ಹಾಗಾದರೆ ಯಾವ ಸೇವ್‌ನಲ್ಲಿ ಕೆಟ್ಟಿತು? ಮೂಲ ಜೆಪೆಗ್ ತೆರೆದು ಅದೇ ಜಾಗ ನೋಡಿ. ಅಲ್ಲಿ ಚೌಕ ಇಲ್ಲದಿದ್ದರೆ ಕೆಟ್ಟಿದ್ದು ನಿಮ್ಮ ಸೇವ್‌ನಲ್ಲಿ, ಇಲ್ಲವೇ ಕಳಿಸುವಾಗ. ಮೆಸೇಜ್ ಆಪ್‌ಗಳು ಫೋಟೋವನ್ನು ಚಿಕ್ಕದು ಮಾಡಿ, ಮತ್ತೆ ಜೆಪೆಗ್ ಮಾಡಿ ಕಳಿಸುತ್ತವೆ. ಕಳಿಸಿದ ಫೈಲಿನ ಪಿಕ್ಸೆಲ್ ಮತ್ತು ತಲುಪಿದ ಫೈಲಿನ ಪಿಕ್ಸೆಲ್ ಹೋಲಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಇದು ತಪ್ಪುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ಜೆಪೆಗ್ ಫೈಲನ್ನು ತೆರೆದು ಮುಚ್ಚಿದರೆ ಏನೂ ಆಗುವುದಿಲ್ಲ. ಕಾಪಿ ಮಾಡಿದರೂ ಆಗುವುದಿಲ್ಲ. ತಿದ್ದಿ ಮತ್ತೆ ಜೆಪೆಗ್ ಆಗಿಯೇ ಸೇವ್ ಮಾಡಿದಾಗ ಮಾತ್ರ ಇನ್ನೊಂದು ಸುತ್ತು ನಷ್ಟ. ಇವತ್ತು ಸ್ವಲ್ಪ ಬಣ್ಣ, ನಾಳೆ ಸ್ವಲ್ಪ ಕ್ರಾಪ್, ನಾಡಿದ್ದು ಇನ್ನೇನೋ ಅಂತ ಅದೇ ಫೈಲನ್ನು ಐದಾರು ಸಲ ಸೇವ್ ಮಾಡುವವರ ಫೋಟೋ ಹೀಗೆಯೇ ಸವೆಯುತ್ತದೆ. ಆ ಜೆಪೆಗ್ ಅನ್ನು ಟಿಫ್ (ಸೇವ್ ಮಾಡುವಾಗ ವಿವರ ಬಿಸಾಡದ ಫಾರ್ಮ್ಯಾಟ್) ಮಾಡಿದರೆ ಹೋದ ವಿವರ ವಾಪಸ್ ಬರುವುದಿಲ್ಲ. ಮುಂದಿನ ಸೇವ್‌ಗಳಲ್ಲಿ ಇನ್ನಷ್ಟು ಹೋಗುವುದು ನಿಲ್ಲುತ್ತದೆ, ಅಷ್ಟೇ. ಅಷ್ಟಾದರೂ ಬೆಲೆಯುಳ್ಳದ್ದು. ಕೆಲಸ ನಡೆಯುವಾಗ ಟಿಫ್ ಅಥವಾ ಸಾಫ್ಟ್‌ವೇರಿನ ಸ್ವಂತ ಫಾರ್ಮ್ಯಾಟ್, ಎಲ್ಲಾ ಮುಗಿದ ಮೇಲೆ ಒಂದೇ ಸಲ ಜೆಪೆಗ್.

ಇನ್ನು ಎರಡನೇ ರೋಗ. ಚೌಕ ಇಲ್ಲ, ಆದರೆ ಸಂಜೆಯ ಆಕಾಶದಲ್ಲಿ ಬಣ್ಣ ನಯವಾಗಿ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇದು ಬಿಟ್ ಕೊರತೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 8 ಬಿಟ್, ಅಂದರೆ 256 ಹಂತ. ರಾ ಫೈಲಿನಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್, ಅಂದರೆ 4,096 ಅಥವಾ 16,384 ಹಂತ. ಆಕಾಶದ ಒಂದು ತುಂಡು 256ರಲ್ಲಿ ಬರೀ 30 ಹಂತವನ್ನು ಬಳಸಿದೆ ಅಂದುಕೊಳ್ಳಿ. ನೀವು ಕಾಂಟ್ರಾಸ್ಟ್ ಏರಿಸಿ ಅದನ್ನು 90 ಹಂತದಷ್ಟು ಎಳೆದರೆ ಮಧ್ಯೆ ತುಂಬಲು ಏನೂ ಇಲ್ಲ. ಆ ಖಾಲಿ ಜಾಗವೇ ಪಟ್ಟೆಯಾಗಿ ಕಾಣುತ್ತದೆ.

ಇದಕ್ಕೆ ಸಾಕ್ಷಿ ಹಿಸ್ಟೋಗ್ರಾಮ್. ಎಡಿಟ್ ಆದ ಮೇಲೆ ಅದು ಬಾಚಣಿಗೆ ಹಲ್ಲಿನ ಹಾಗೆ ಸಂದು ಸಂದಾಗಿ ಕಂಡರೆ 8 ಬಿಟ್ ಫೈಲನ್ನು ಅತಿಯಾಗಿ ಎಳೆದಿದ್ದೀರಿ. ರಾ ಫೈಲ್ ಇದ್ದರೆ ಅದರಿಂದಲೇ ಮತ್ತೆ ಶುರು ಮಾಡಿ, 16 ಬಿಟ್‌ನಲ್ಲಿ ಕೆಲಸ ಮಾಡಿ. ಹಿಸ್ಟೋಗ್ರಾಮ್ ನಯವಾಗಿದ್ದೂ ಪಟ್ಟೆ ಕಂಡರೆ ಅದು ಪರದೆಯ ಮಿತಿ. ಬೇರೆ ಪರದೆಯಲ್ಲಿ ನೋಡಿ. ಗಿಂಪ್ ಬಳಸುವವರು ತಮ್ಮ ಆವೃತ್ತಿಯನ್ನೂ ನೋಡಿಕೊಳ್ಳಬೇಕು. 2018ರ 2.10ಕ್ಕಿಂತ ಹಿಂದಿನ ಗಿಂಪ್ ಬರೀ 8 ಬಿಟ್‌ನಲ್ಲಿ ಕೆಲಸ ಮಾಡುತ್ತಿತ್ತು. 16 ಬಿಟ್ ಟಿಫ್ ಕೊಟ್ಟರೂ ಒಳಗೆ 8ಕ್ಕೆ ಇಳಿಸಿಬಿಡುತ್ತಿತ್ತು.

ರಾ ಇಲ್ಲ, ಜೆಪೆಗ್ ಮಾತ್ರ ಇದೆ ಅಂದರೆ? ತಿದ್ದುವುದನ್ನು ಕಡಿಮೆ ಮಾಡಿ. 16 ಬಿಟ್‌ಗೆ ಬದಲಿಸಿಕೊಂಡು ತಿದ್ದಿದರೆ ಪಟ್ಟೆ ಇನ್ನೂ ಬೆಳೆಯುವುದು ತಪ್ಪುತ್ತದೆ. ಆಕಾಶಕ್ಕೆ ಮಾತ್ರ ಚೂರೇ ಚೂರು ನಾಯ್ಸ್, ಅಂದರೆ ಕಾಳು ಕಾಳಾದ ಚುಕ್ಕೆ, ಸೇರಿಸಿದರೆ ಮೆಟ್ಟಿಲಿನ ಅಂಚು ಒಡೆದು ಕಣ್ಣಿಗೆ ನಯವಾಗಿ ಕಾಣುತ್ತದೆ. ನಾನು ಹಳೆಯ ಫೋಟೋಗಳಿಗೆ ಈಗಲೂ ಇದನ್ನೇ ಮಾಡುತ್ತೇನೆ.

ಎಡಿಟ್ ಮಾಡಿದ್ದೆಲ್ಲಾ ಎಲ್ಲಿ ಹೋಯಿತು?

ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ ಇವು ರಾ ಫೈಲಿನ ಚಿತ್ರ ಮಾಹಿತಿಯನ್ನು ಮುಟ್ಟುವುದಿಲ್ಲ. ನೀವು ಮಾಡಿದ ಬದಲಾವಣೆಯನ್ನು ಸೂಚನೆಗಳಾಗಿ ಬೇರೆ ಕಡೆ ಬರೆದಿಡುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಅದನ್ನು ತನ್ನ ಕ್ಯಾಟಲಾಗ್‌ನಲ್ಲಿ ಇಡುತ್ತದೆ, ಹೇಳಿದರೆ ಫೋಟೋ ಪಕ್ಕದಲ್ಲಿ ಎಕ್ಸ್‌ಎಂಪಿ ಫೈಲನ್ನೂ ಬರೆಯುತ್ತದೆ. ಡಾರ್ಕ್‌ಟೇಬಲ್ ಕೂಡ ಎಕ್ಸ್‌ಎಂಪಿ ಬರೆಯುತ್ತದೆ. ರಾಥೆರಪಿಯದ್ದು ಪಿಪಿ3. ರಾ ಫೈಲನ್ನು ಮಾತ್ರ ಬೇರೆ ಕಂಪ್ಯೂಟರಿಗೆ ಒಯ್ದರೆ ಸೂಚನೆಗಳು ಹಿಂದೆಯೇ ಉಳಿಯುತ್ತವೆ. ಹಳೆಯ ಜಾಗಕ್ಕೆ ಹೋಗಿ ಆ ಸಣ್ಣ ಫೈಲುಗಳು ಇವೆಯಾ ನೋಡಿ. ಬಹಳ ಸಲ ಅಲ್ಲೇ ಇರುತ್ತವೆ. ಬೇಡದ ಕಸ ಅಂತ ಯಾರಾದರೂ ಅಳಿಸಿದ್ದರೆ ಮಾತ್ರ ಕಷ್ಟ.

ಒಂದು ಸಾಫ್ಟ್‌ವೇರಿನ ಸೂಚನೆ ಇನ್ನೊಂದಕ್ಕೆ ಪೂರ್ತಿ ಅರ್ಥವಾಗುವುದಿಲ್ಲ. ರೇಟಿಂಗ್, ಕೀವರ್ಡ್ ದಾಟಿ ಬರಬಹುದು. ಎಕ್ಸ್‌ಪೋಷರ್ ಸ್ಲೈಡರ್ ಎರಡರಲ್ಲೂ ಒಂದೇ ಹೆಸರಿನಲ್ಲಿದ್ದರೂ ಒಳಗಿನ ಲೆಕ್ಕ ಬೇರೆ. ನೀವು ತಿದ್ದಿದ ರೂಪ ಬೇರೆಯವರಿಗೆ ಕಾಣಬೇಕಾದರೆ ಟಿಫ್ ಅಥವಾ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಲೇಬೇಕು.

ಲೈಟ್‌ರೂಮ್‌ನಲ್ಲಿ ಫೋಟೋ ಕಾಣೆಯಾಗಿದೆ ಅಂತ ಗುರುತು ಬಂದರೆ, ನೀವು ಹೊರಗಿನಿಂದ ಫೋಲ್ಡರ್ ಹೆಸರು ಬದಲಿಸಿದ್ದೀರಿ ಅಥವಾ ಜಾಗ ಬದಲಿಸಿದ್ದೀರಿ. ಹೊಸದಾಗಿ ಇಂಪೋರ್ಟ್ ಮಾಡಬೇಡಿ, ಹಳೆಯ ಎಡಿಟ್ ಸೇರಿಕೊಳ್ಳುವುದಿಲ್ಲ. ಹೊಸ ಜಾಗ ಎಲ್ಲಿ ಅಂತ ಅದಕ್ಕೆ ತೋರಿಸಿ.

ಸೇವ್ ಆಸ್‌ನಲ್ಲಿ ಜೆಪೆಗ್ ಸಿಗುತ್ತಿಲ್ಲ ಅನ್ನುವವರಿಗೆ: ಗಿಂಪ್‌ನಲ್ಲಿ 2012ರ 2.8ರಿಂದ ಸೇವ್ ಅಂದರೆ ಗಿಂಪ್‌ನ ಸ್ವಂತ ಫಾರ್ಮ್ಯಾಟ್ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್. ಫೋಟೋಶಾಪ್‌ನಲ್ಲಿ ಲೇಯರ್ ಅಥವಾ 16 ಬಿಟ್ ಇದ್ದರೆ ಸೇವ್ ಎ ಕಾಪಿ ಬಳಸಿ.

ಗಾತ್ರದ ಗೊಂದಲ

24 ಮೆಗಾಪಿಕ್ಸೆಲ್ ಚಿತ್ರ 6000ಕ್ಕೆ 4000 ಪಿಕ್ಸೆಲ್. ಸಂಕೋಚನ ಇಲ್ಲದ 8 ಬಿಟ್ ಟಿಫ್ ಆದರೆ ಸುಮಾರು 72 ಎಂಬಿ, 16 ಬಿಟ್ ಆದರೆ 144 ಎಂಬಿ. ಅದು ದೋಷವಲ್ಲ, ಲೆಕ್ಕವೇ ಅಷ್ಟು. ಲೇಯರ್ ಸೇರಿದರೆ ಇನ್ನೂ ಬೆಳೆಯುತ್ತದೆ. ಫೋಟೋಶಾಪ್‌ನ ಸ್ವಂತ ಫಾರ್ಮ್ಯಾಟ್ ಪಿಎಸ್‌ಡಿಗೆ 2 ಜಿಬಿ ಮಿತಿ, ಟಿಫ್‌ಗೆ 4 ಜಿಬಿ ಮಿತಿ. ಸೇವ್ ಆಗುತ್ತಿಲ್ಲ ಅಂದರೆ ಅದನ್ನು ದಾಟಿದ್ದೀರಾ ನೋಡಿ, ದಾಟಿದ್ದರೆ ಫೋಟೋಶಾಪ್‌ನ ದೊಡ್ಡ ಫೈಲುಗಳ ಫಾರ್ಮ್ಯಾಟ್ ಪಿಎಸ್‌ಬಿ ಬಳಸಿ. ಫೋಟೋವನ್ನು ಪಿಎನ್‌ಜಿ ಮಾಡಿದರೆ ನಷ್ಟ ಏನೂ ಇಲ್ಲ, ಆದರೆ ಜೆಪೆಗ್‌ಗಿಂತ ಬಹಳ ದೊಡ್ಡದಾಗುತ್ತದೆ. ಅದು ಸ್ಕ್ರೀನ್‌ಶಾಟ್, ರೇಖಾಚಿತ್ರ, ಪಾರದರ್ಶಕ ಹಿನ್ನೆಲೆ ಇಂಥದ್ದಕ್ಕೆ ಒಳ್ಳೆಯದು.

ಪ್ರಿಂಟ್ ಮಸುಕಾಗಿದೆ ಅಂದರೆ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಅಂಕಿ ನೋಡಬೇಡಿ, ಪಿಕ್ಸೆಲ್ ಎಣಿಸಿ. 300 ಡಿಪಿಐ ಅಂತ ಬರೆದಿದ್ದರೂ 1200 ಪಿಕ್ಸೆಲ್ ಅಗಲದ ಚಿತ್ರ ಆ ಲೆಕ್ಕದಲ್ಲಿ 4 ಇಂಚಿಗೆ ಮುಗಿಯುತ್ತದೆ. ಫೋಟೋ ಅಡ್ಡ ಮಲಗಿ ಕಂಡರೆ ಎಕ್ಸಿಫ್‌ನ (ಕ್ಯಾಮೆರಾ ಫೈಲಿನೊಳಗೆ ಬರೆಯುವ ಮಾಹಿತಿಯ) ತಿರುಗಿಸುವ ಸೂಚನೆಯನ್ನು ಆ ಸಾಫ್ಟ್‌ವೇರ್ ಓದುತ್ತಿಲ್ಲ.

ಅರ್ಧ ಚಿತ್ರ ಬೂದು

ಕೆಳಗಿನ ಅರ್ಧ ಬೂದು, ಇಲ್ಲವೇ ನೇರಳೆ ಪಟ್ಟೆ, ಇಲ್ಲವೇ ಚಿತ್ರ ಒಂದು ಗೆರೆಯಿಂದ ಕೆಳಗೆ ಪಕ್ಕಕ್ಕೆ ಸರಿದಿದೆ. ಇದು ಫಾರ್ಮ್ಯಾಟ್ ಆಯ್ಕೆಯ ತಪ್ಪಲ್ಲ. ಫೈಲಿನ ಒಳಗೇ ಪೆಟ್ಟಾಗಿದೆ. ಮೊದಲು ಆ ಕಾರ್ಡಿಗೆ ಹೊಸ ಫೋಟೋ ಬರೆಯುವುದನ್ನು ನಿಲ್ಲಿಸಿ. ಕಾರ್ಡಿನಲ್ಲಿ ಫೈಲ್ ಇನ್ನೂ ಇದ್ದರೆ ಬೇರೆ ರೀಡರ್, ಬೇರೆ ಕೇಬಲ್ ಹಾಕಿ ಮತ್ತೆ ಕಾಪಿ ಮಾಡಿ. ಹೊಸ ಕಾಪಿ ಸರಿ ಇದ್ದರೆ ದೋಷ ಸಾಗಣೆಯಲ್ಲಿತ್ತು. ಒಂದೇ ಫೈಲನ್ನು ಎರಡು ಸಲ ಕಾಪಿ ಮಾಡಿ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಅಂಕಿ) ಹೋಲಿಸಿ. ಎರಡೂ ಬೇರೆ ಬಂದರೆ ರೀಡರ್, ಕೇಬಲ್ ಅಥವಾ ಕಂಪ್ಯೂಟರಿನ ಮೆಮೊರಿಯನ್ನು ಅನುಮಾನಿಸಿ.

ಸಣ್ಣ ಥಂಬ್‌ನೇಲ್ ಚೆನ್ನಾಗಿದೆ, ತೆರೆದರೆ ಮಾತ್ರ ಕೆಟ್ಟಿದೆ ಅನ್ನುವುದು ಸಾಮಾನ್ಯ. ಥಂಬ್‌ನೇಲ್ ಫೈಲಿನೊಳಗೆ ಬೇರೆಯೇ ಜಾಗದಲ್ಲಿ ಇರುತ್ತದೆ. ರಾ ಫೈಲ್ ಆಗಿದ್ದರೆ ಇಲ್ಲಿ ಒಂದು ಆಸೆ ಉಳಿದಿದೆ. ಆಗಲೇ ಹೇಳಿದ ಒಳಗಿನ ಜೆಪೆಗ್ ಸರಿ ಇರಬಹುದು. ಎಕ್ಸಿಫ್‌ಟೂಲ್ ಅದನ್ನು ಹೊರತೆಗೆಯುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಅದು ಪೂರ್ತಿ ಗಾತ್ರದ್ದೇ ಆಗಿರುತ್ತದೆ. ಅಳಿಸಿಹೋದ ಫೈಲುಗಳಿಗೆ ಫೋಟೋರೆಕ್ ಅನ್ನುವ ಉಚಿತ ಸಾಧನ ಇದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯಬೇಡಿ, ಬೇರೆ ಡಿಸ್ಕಿಗೆ ಬರೆಯಿರಿ.

ಸಾಫ್ಟ್‌ವೇರ್ ಬದಲಿಸಲೇಬೇಕಾ?

ಮೇಲಿನ ಯಾವುದಕ್ಕೂ ಬಹುಮಟ್ಟಿಗೆ ಬೇಕಾಗಿಲ್ಲ. ಆದರೆ ಕೆಲವು ಸಲ ಕೆಲಸಕ್ಕೂ ಸಾಧನಕ್ಕೂ ಹೊಂದಿಕೆಯಾಗಿರುವುದಿಲ್ಲ. ಒಂದು ಪ್ರವಾಸದ 600 ರಾ ಫೈಲುಗಳನ್ನು ಆರಿಸಿ, ಒಂದೇ ಹದಕ್ಕೆ ತರಲು ಫೋಟೋಶಾಪ್ ಅಥವಾ ಗಿಂಪ್ ಹಿಡಿದು ಕೂತರೆ ದಿನಗಟ್ಟಲೆ ಬೇಕು. ಅದಕ್ಕೆ ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್ ಥರದವು ಬೇಕು. ಒಂದೇ ಫೋಟೋದಿಂದ ವಿದ್ಯುತ್ ತಂತಿ ತೆಗೆಯುವುದು, ಎರಡು ಚಿತ್ರ ಸೇರಿಸುವುದು ಇಂಥದ್ದಕ್ಕೆ ಫೋಟೋಶಾಪ್, ಗಿಂಪ್, ಅಫಿನಿಟಿ. ಉಚಿತವಾದದ್ದು ಅಂದರೆ ಕಡಿಮೆಯದ್ದು ಅಂತ ನಾನು ಒಪ್ಪುವುದಿಲ್ಲ. ಡಾರ್ಕ್‌ಟೇಬಲ್ ಕಲಿಯಲು ಹೊತ್ತು ಹಿಡಿಯುತ್ತದೆ, ಕಲಿತ ಮೇಲೆ ಬಣ್ಣದ ಮೇಲೆ ಅದು ಕೊಡುವ ಹಿಡಿತ ನನಗೆ ತುಂಬಾ ಇಷ್ಟ.

ಹೊಸದಕ್ಕೆ ಹೋಗುವ ಮೊದಲು ನಿಮ್ಮ ಅತಿ ಕಷ್ಟದ ಹತ್ತು ರಾ ಫೈಲುಗಳನ್ನು ಅದರಲ್ಲಿ ಹಾಕಿ ನೋಡಿ. ಎದುರು ಬಿಸಿಲಿನದ್ದು, ಕತ್ತಲೆಯದ್ದು, ಮುಖದ ಬಣ್ಣ ಮುಖ್ಯವಾದದ್ದು ಇರಲಿ. ಹತ್ತೂ ಸರಿಯಾಗಿ ತೆರೆದು, ನಿಮಗೆ ಬೇಕಾದ ಹದಕ್ಕೆ ಬಂದರೆ ಮುಂದುವರಿಯಿರಿ. ಹಳೆಯದನ್ನು ಅಳಿಸುವ ಮೊದಲು ಅದರಲ್ಲಿ ಮಾಡಿದ ಮುಖ್ಯ ಎಡಿಟ್‌ಗಳನ್ನೆಲ್ಲಾ 16 ಬಿಟ್ ಟಿಫ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಳೆಯ ಕ್ಯಾಟಲಾಗ್, ಎಕ್ಸ್‌ಎಂಪಿ, ಪಿಪಿ3 ಏನಿದೆಯೋ ಅದರದ್ದೂ ಒಂದು ಕಾಪಿಯನ್ನು ರಾ ಫೈಲುಗಳ ಜೊತೆಯಲ್ಲೇ ಇಡಿ.